ಚಾಕುವಿನ ಹಿಡಿ, ಎಲುಬಿನ ಬಣ್ಣ

ಚಾಕು ಎಂದೊಡನೆ ಎಲ್ಲರೂ ಅಲಗನ್ನೇ ನೋಡುತ್ತಾರೆ. ಎಷ್ಟು ಹರಿತ, ಉಕ್ಕು ಎಲ್ಲಿಯದು, ಸಾಣೆ ಯಾವಾಗ ಹಿಡಿಸಿದ್ದು, ಇದೇ ವಿಚಾರಣೆ. ನಿಜಾಮಾಬಾದ್ ಕಡೆಯ ಕೋನಸಮುದ್ರಂ ಎಂಬ ಹಳ್ಳಿಯ ಉಕ್ಕನ್ನು ಹುಡುಕಿಕೊಂಡು ಇರಾನಿನ ವರ್ತಕರು ಬರುತ್ತಿದ್ದರಂತೆ. ಹೆನ್ರಿ ವೋಯ್ಸಿ ಎಂಬ ಭೂವಿಜ್ಞಾನಿ ಸುಮಾರು 200 ವರ್ಷಗಳ ಹಿಂದೆಯೇ ಇದನ್ನು ಬರೆದಿಟ್ಟಿದ್ದಾನೆ. ಅಲಗಿನ ಕೀರ್ತಿ ಅಷ್ಟು ದೂರ ಹೋಗಿದೆ. ಇರಲಿ. ಇವತ್ತು ನನ್ನ ಮಾತು ಹಿಡಿಯ ಬಗ್ಗೆ. ಅದರಲ್ಲೂ ಮಡಚುವ ಚಾಕುವಿನ ಎಲುಬಿನ ಹಿಡಿ, ಮತ್ತು ಆ ಎಲುಬಿಗೆ ಬಣ್ಣ ಕಟ್ಟುವ ಕೆಲಸ.

ಈ ಮಾತನ್ನು ಮುಖ್ಯವಾಗಿ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಕೇಳುಗರಿಗೆಂದೇ ಹೇಳುತ್ತಿದ್ದೇನೆ. 1956ರ ನವೆಂಬರ್ 1ರ ವರೆಗೆ ಜಹೀರಾಬಾದ್, ನಾರಾಯಣಖೇಡ ಎರಡೂ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಕಲಬುರ್ಗಿ ಜಿಲ್ಲೆಯಲ್ಲಿತ್ತು. ಈಗ ರಾಜ್ಯ ಬೇರೆ. ಆದರೆ ಈ ಕೆಲಸಕ್ಕೆ ಬೇಕಾದ ಸಾಮಾನೆಲ್ಲ ನಿಮ್ಮ ಮೂರು ಊರುಗಳ ಸುತ್ತಲೇ ಸಿಗುತ್ತದೆ. ಬೆಲ್ಲ, ತುಕ್ಕು ಕಬ್ಬಿಣ, ಅಗಸಿ ಎಣ್ಣೆ, ಮುತ್ತಲ ಹೂವು. ಪಾಠ ಹೇಳಿಕೊಡಲು ಪಕ್ಕದಲ್ಲೇ ಬೀದರ್ ಇದೆ.

ಮೊದಲು ಚಾಕುವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಡಚಿದರೆ ಅಂಗೈಯಲ್ಲಿ ಅಡಗುತ್ತದೆ. ಒಳಗೆ ಅಲಗು, ಅದರ ಬೆನ್ನಿಗೆ ಸ್ಪ್ರಿಂಗು. ಆಚೆ ಈಚೆ ಎರಡು ತೆಳು ಹಿತ್ತಾಳೆ ತಗಡು. ತಗಡಿನ ಹೊರಮೈಗೆ ಎರಡು ಎಲುಬಿನ ಪಟ್ಟಿ. ಇಷ್ಟನ್ನೂ ಸೇರಿಸಿ ಅಡ್ಡಲಾಗಿ ಮೂರೋ ನಾಲ್ಕೋ ಮೊಳೆ. ಕೈಗೆ ತಾಗುವುದು ಎಲುಬು ಮಾತ್ರ.

ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಇಂಥ ಚಾಕು ಇದ್ದರೆ, ಅದು ಎಲುಬೋ ಪ್ಲಾಸ್ಟಿಕ್ಕೋ ತಿಳಿಯುವುದು ಹೇಗೆ? ಬೆಳಕಿಗೆ ಹಿಡಿದು ಹತ್ತಿರದಿಂದ ನೋಡಿ. ಎಲುಬಿನಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕಿ ಇರುತ್ತವೆ, ಕೆಲವು ಕಡೆ ಕೂದಲೆಳೆಯಂಥ ಗೀರು. ಜೀವ ಇದ್ದಾಗ ರಕ್ತ ಹರಿಯುತ್ತಿದ್ದ ನಾಳಗಳ ಗುರುತು ಅವು. ಪ್ಲಾಸ್ಟಿಕ್ಕಿನಲ್ಲಿ ಆ ಚುಕ್ಕಿ ಇಲ್ಲ. ಆನೆ ದಂತದಲ್ಲೂ ಇಲ್ಲ. ದಂತದ ಅಡ್ಡ ಕೊಯ್ತದಲ್ಲಿ ಒಂದರ ಮೇಲೊಂದು ಹಾಯುವ ಕಮಾನಿನಂಥ ಗೆರೆಗಳು ಕಾಣುತ್ತವೆ. ದಂತದ ವಹಿವಾಟಿಗೂ ಜಿಂಕೆ, ಕಡವೆ ಕೊಂಬಿನ ವಹಿವಾಟಿಗೂ ವನ್ಯಜೀವಿ ಕಾಯ್ದೆಯ ತಡೆ ಇದೆ. ಆದ್ದರಿಂದ ಹೊಸದಾಗಿ ಮಾಡುವವರಿಗೆ ಉಳಿಯುವುದು ಸಾಕುಪ್ರಾಣಿಯ ಎಲುಬು. ಎಮ್ಮೆಯ ಕಾಲಿನ ನಳಿಗೆ ಎಲುಬು ಇದಕ್ಕೆ ಹೇಳಿ ಮಾಡಿಸಿದ್ದು. ನೆಟ್ಟಗಿರುತ್ತದೆ, ಗೋಡೆ ದಪ್ಪ. ಉತ್ತರ ಪ್ರದೇಶದ ಸಂಭಲ್‌ನಲ್ಲಿ ಕೊಂಬು, ಎಲುಬಿನ ಕುಶಲ ಕೆಲಸವೇ ಜೀವನೋಪಾಯ ಆದವರಿದ್ದಾರೆ.

ಕೇಳುಗರಲ್ಲಿ ಎಲುಬಿನ ಹೆಸರು ಕೇಳಿದರೆ ರೇಡಿಯೋದ ಕಿವಿ ತಿರುವುವವರೂ ಇದ್ದಾರೆಂದು ಬಲ್ಲೆ. ಸ್ವಲ್ಪ ತಾಳಿ. ಮುಂದೆ ಬರುವ ಬೆಲ್ಲದ ಮಾತಂತೂ ನಿಮಗೂ ಬೇಕಾದದ್ದೇ.

ಸರಿ, ಹಿಡಿ ಎಲುಬಿನದು ಎಂದಾಯಿತು. ಈಗ ಮುಖ್ಯ ಪ್ರಶ್ನೆ. ಎಲುಬಿಗೆ ಬಣ್ಣ ಹಿಡಿಯುವುದು ಯಾಕೆ? ಕಲ್ಲಿಗೆ ಬಣ್ಣ ಬಳಿದರೆ ಮೇಲೆ ಕೂರುತ್ತದೆ, ಕೆರೆದರೆ ಹೋಗುತ್ತದೆ. ಎಲುಬು ಹಾಗಲ್ಲ, ಬಣ್ಣವನ್ನು ಒಳಗೆ ಹೀರುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಕೋಳಿ ಎಲುಬನ್ನು ವಿನೆಗರಿನಲ್ಲಿ ಒಂದು ವಾರ ನೆನೆಸಿಡಿ. ತೆಗೆದು ಬಾಗಿಸಿದರೆ ಮುರಿಯುವುದಿಲ್ಲ, ಬಳುಕುತ್ತದೆ. ಅದರೊಳಗಿನ ಸುಣ್ಣದ ಅಂಶವನ್ನು ಹುಳಿ ಕರಗಿಸಿತು. ಉಳಿದದ್ದು ಮೆದು ಪದಾರ್ಥ. ಇನ್ನೊಂದು ಎಲುಬನ್ನು ಬೆಂಕಿಯಲ್ಲಿ ಬೆಳ್ಳಗಾಗುವಷ್ಟು ಸುಡಿ. ಆಕಾರ ಹಾಗೇ ಇರುತ್ತದೆ, ಬೆರಳಿನಲ್ಲಿ ಒತ್ತಿದರೆ ಪುಡಿ. ಇಲ್ಲಿ ಮೆದು ಪದಾರ್ಥ ಸುಟ್ಟುಹೋಗಿ ಸುಣ್ಣದ ಅಂಶ ಉಳಿಯಿತು.

ಅಂದರೆ ಎಲುಬಿನಲ್ಲಿ ಎರಡು ವಸ್ತು ಹೆಣೆದುಕೊಂಡಿವೆ. ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕ್ಯಾಲ್ಸಿಯಂ ಫಾಸ್ಫೇಟ್ ಜಾತಿಯ ಖನಿಜ. ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜೆನ್ ಎಂಬ ಪ್ರೋಟೀನು, ಜೊತೆಗೆ ಒಂದಿಷ್ಟು ನೀರು. ತೊಗಲಿನಲ್ಲಿರುವುದೂ ಇದೇ ಕೊಲಾಜೆನ್. ಬಣ್ಣ ಹೆಚ್ಚಾಗಿ ಕಚ್ಚುವುದು ಈ ಪ್ರೋಟೀನಿಗೆ. ಹಾಗಾಗಿ ಬಣ್ಣದ ಅಂಗಡಿಗೆ ಹೋದಾಗ ಹತ್ತಿಬಟ್ಟೆಯ ಬಣ್ಣ ಕೇಳಬೇಡಿ. ರೇಷ್ಮೆಗೆ, ಉಣ್ಣೆಗೆ ಹಾಕುವ ಬಣ್ಣ ಕೇಳಿ. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನೇ.

ಹಾಗಾದರೆ ಬಣ್ಣದ ನೀರಿನಲ್ಲಿ ಎಲುಬು ಅದ್ದಿದರೆ ಮುಗಿಯಿತಲ್ಲ? ಇಲ್ಲ. ಮೊದಲ ಸಲ ಮಾಡುವವರು ಸೋಲುವುದು ಇಲ್ಲೇ. ಬಣ್ಣ ಚೆನ್ನಾಗಿರುತ್ತದೆ, ಎಲುಬೂ ಚೆನ್ನಾಗಿರುತ್ತದೆ. ಹೊರಗೆ ತೆಗೆದಾಗ ಮಾತ್ರ ಒಂದು ಕಡೆ ಗಾಢ, ಒಂದು ಕಡೆ ತೆಳು, ನಡುವೆ ಬಣ್ಣವೇ ಮುಟ್ಟದ ಬೋಳು ಕಲೆ. ಬಣ್ಣವನ್ನು ಬೈದು ಉಪಯೋಗವಿಲ್ಲ. ತಡೆದದ್ದು ಜಿಡ್ಡು.

ನಳಿಗೆ ಎಲುಬಿನ ನಡುವೆ ನೆಣ ಇರುತ್ತದೆ. ಆ ಕೊಬ್ಬು ಎಲುಬಿನ ನಾಳಗಳಲ್ಲೆಲ್ಲ ಸೇರಿಕೊಂಡಿರುತ್ತದೆ. ಹೊರಗಿನಿಂದ ತೊಳೆದರೆ ಮೇಲಿನದು ಹೋಗುತ್ತದೆ, ಒಳಗಿನದು ದಿನ ಕಳೆದಂತೆ ಮೇಲಕ್ಕೆ ಒಸರುತ್ತದೆ. ಹಳದಿ ಛಾಯೆ, ತುಸು ಪಾರದರ್ಶಕವಾದ ಕಲೆ ಕಂಡರೆ ಅದು ಕೊಬ್ಬು ಎಂದೇ ತಿಳಿಯಿರಿ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಬಣ್ಣ ಹಾಕುವುದು ಸಣ್ಣ ಭಾಗ. ಜಿಡ್ಡು ತೆಗೆಯುವುದೇ ದೊಡ್ಡದು.

ತೆಗೆಯುವ ಬಗೆ ಹೀಗೆ. ಎಲುಬಿನ ಎರಡೂ ತುದಿಯ ಗಂಟು ಕೊಯ್ದು ಹಾಕಿ. ಒಳಗಿನ ನೆಣವನ್ನು ಕಡ್ಡಿಯಿಂದ ನೂಕಿ ತೆಗೆಯಿರಿ. ಅಂಟಿದ ಮಾಂಸ ಕೆರೆಯಿರಿ. ಆಮೇಲೆ ಬಿಸಿ ನೀರು, ಅದಕ್ಕೆ ಪಾತ್ರೆ ತೊಳೆಯುವ ಸೋಪು. ಕೊತಕೊತ ಕುದಿಸಬೇಡಿ. ಬಹಳ ಹೊತ್ತು ಕುದಿಸಿದರೆ ಕೊಲಾಜೆನ್ ಕರಗಿ ಜೆಲಾಟಿನ್ ಆಗುತ್ತದೆ. ಎಲುಬಿನ ಸೂಪು ಆರಿದ ಮೇಲೆ ಗಟ್ಟಿಯಾಗುವುದು ಇದರಿಂದಲೇ. ಸೂಪಿಗೆ ಹೋದ ಗಟ್ಟಿತನ ಹಿಡಿಯಲ್ಲಿ ಉಳಿಯುವುದಿಲ್ಲ, ಎಲುಬು ಪೆಡಸಾಗಿ ಬಿರುಕು ಬಿಡುತ್ತದೆ. ನೀರು ಬಿಸಿ ಇರಲಿ, ಗುಳ್ಳೆ ಬೇಡ. ನೀರಿನ ಮೇಲೆ ಎಣ್ಣೆಯ ಪದರ ತೇಲಿದರೆ ಚೆಲ್ಲಿ ಹೊಸ ನೀರು ಹಾಕಿ. ಪದರ ಕಾಣದಾಗುವ ವರೆಗೆ ಇದೇ ಕೆಲಸ. ಕೆಲವು ಎಲುಬಿಗೆ ಎರಡು ದಿನ ಸಾಕು, ಕೆಲವಕ್ಕೆ ಎರಡು ವಾರವೂ ಸಾಲದು.

ಬೆಳ್ಳಗಾಗಲಿ ಎಂದು ಬ್ಲೀಚಿಂಗ್ ಪೌಡರ್ ಹಾಕುವವರಿದ್ದಾರೆ. ಬೇಡ. ಕ್ಲೋರಿನ್ ಕೊಲಾಜೆನ್ನನ್ನೇ ತಿನ್ನುತ್ತದೆ. ಬಣ್ಣ ಹಿಡಿಯಬೇಕಾದ ವಸ್ತುವನ್ನೇ ತಿಂದರೆ ಬಣ್ಣ ಹಿಡಿಯುವುದಾದರೂ ಯಾವುದಕ್ಕೆ? ಔಷಧದ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಒಂದು ದಿನ ಇಟ್ಟರೆ ಸಾಕು. ಇನ್ನೊಂದು ಎಚ್ಚರಿಕೆ. ಎಲುಬು ಕೊಯ್ಯುವಾಗ, ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೂಗು ಬಾಯಿ ಕಟ್ಟಿಕೊಳ್ಳಿ, ನೀರು ಚಿಮುಕಿಸುತ್ತ ಉಜ್ಜಿ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ನೆನಪಿಗೆ ತಂದುಕೊಳ್ಳೋಣ. ಎಲುಬು ಎಂದರೆ ಖನಿಜ ಮತ್ತು ಪ್ರೋಟೀನು. ಬಣ್ಣಕ್ಕೆ ಬೇಕಾದದ್ದು ಪ್ರೋಟೀನು. ಅದರ ದಾರಿಗೆ ಅಡ್ಡ ನಿಂತದ್ದು ಜಿಡ್ಡು. ಜಿಡ್ಡು ಹೋಯಿತು. ಈಗ ಬಣ್ಣ.

ಪಟ್ಟಿಗಳನ್ನು ಮೊದಲೇ ಅಳತೆಗೆ ಕೊಯ್ದು, ಮೊಳೆಯ ತೂತನ್ನೂ ಕೊರೆದಿಡಿ. ಬಣ್ಣ ಆದ ಮೇಲೆ ಕೊರೆದರೆ ತೂತಿನ ಅಂಚು ಬೆಳ್ಳಗೆ ಎದ್ದು ಕಾಣುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಮಚ ಬಣ್ಣದ ಪುಡಿ, ಎರಡು ಚಮಚ ವಿನೆಗರ್. ಬೆರಳು ಇಡಲಾಗದಷ್ಟು ಬಿಸಿ, ಸುಮಾರು 70 ಡಿಗ್ರಿ. ಎರಡು ಮೂರು ತಾಸು ಹಾಗೇ ಇಟ್ಟು, ಒಲೆ ಆರಿಸಿ, ಅದೇ ನೀರಿನಲ್ಲಿ ರಾತ್ರಿಯಿಡೀ ತಣಿಯಲು ಬಿಡಿ. ಈ ಪಾತ್ರೆಯನ್ನು ಮತ್ತೆ ಅಡುಗೆಗೆ ತರಬೇಡಿ.

ವಿನೆಗರ್ ಯಾಕೆ? ನೀರು ತುಸು ಹುಳಿಯಾದರೆ ಈ ಜಾತಿಯ ಬಣ್ಣ ಪ್ರೋಟೀನಿಗೆ ಚೆನ್ನಾಗಿ ಕಚ್ಚುತ್ತದೆ. ಎರಡು ಚಮಚಕ್ಕೆ ಇಷ್ಟು ಹಿಡಿದರೆ ಅರ್ಧ ಬಾಟಲಿಗೆ ಇನ್ನೆಷ್ಟು ಹಿಡಿಯಬಹುದು ಎಂಬ ಆಸೆ ಬೇಡ. ತಾಂಡೂರಿನ ಅಕ್ಕ ತಂಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಮನೆಯ ನೆಲಕ್ಕೆ ಹಾಸಿದ ಫರಸಿ ಸುಣ್ಣದ ಕಲ್ಲು. ಅದರ ಮೇಲೆ ನಿಂಬೆಹುಳಿಯೋ ಹುಣಸೆ ನೀರೋ ಚೆಲ್ಲಿ ಒರೆಸಲು ಮರೆತರೆ ಹೊಳಪು ಹೋಗಿ ಬಿಳಿ ಮಚ್ಚೆ ಉಳಿಯುತ್ತದೆ. ಆಮೇಲೆ ಎಷ್ಟು ಒರೆಸಿದರೂ ಅದು ಹೋಗದು. ಹುಳಿ ಹೆಚ್ಚಾದರೆ ಎಲುಬಿನ ಮೈಯೂ ಹೀಗೇ ಸವೆದು ಮಂಕಾಗುತ್ತದೆ. ಇನ್ನೂ ಬಿಟ್ಟರೆ ಆಗಲೇ ಹೇಳಿದ ಕೋಳಿ ಎಲುಬಿನ ಗತಿ.

ಅಂಗಡಿಯ ಬಣ್ಣದ ಮಾತು ಇಷ್ಟು ಸಾಕು. ನನಗೆ ಇದಕ್ಕಿಂತ ರುಚಿಯಾದದ್ದು ಮನೆಯಲ್ಲೇ ಕಟ್ಟುವ ಕಪ್ಪು. ಇಲ್ಲಿ ಜಹೀರಾಬಾದಿನ ಕಬ್ಬಿನ ಬೆಲ್ಲ ಬರುತ್ತದೆ.

ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಕಲಂಕಾರಿ ಬಟ್ಟೆ ಬರೆಯುವವರು ಕಪ್ಪು ಬಣ್ಣವನ್ನು ಕೊಳ್ಳುವುದಿಲ್ಲ, ಹುಳಿಸುತ್ತಾರೆ. ತುಕ್ಕು ಹಿಡಿದ ಕಬ್ಬಿಣದ ಚೂರು, ಬೆಲ್ಲ, ನೀರು. ಇಷ್ಟನ್ನು ಗಡಿಗೆಯಲ್ಲಿ ಹಾಕಿ ಎರಡು ಮೂರು ವಾರ ಬಿಡುತ್ತಾರೆ. ಬೆಲ್ಲ ಹುಳಿಯುತ್ತದೆ, ಆ ಹುಳಿ ಕಬ್ಬಿಣವನ್ನು ಕರಗಿಸುತ್ತದೆ. ಬಾಯಿಗೆ ಬಟ್ಟೆ ಕಟ್ಟಬೇಕು, ಬಿಗಿಯಾದ ಮುಚ್ಚಳ ಹಾಕಬಾರದು, ಒಳಗೆ ಗಾಳಿ ತುಂಬಿ ಸಿಡಿಯುತ್ತದೆ. ಕೊನೆಗೆ ಸಿಗುವ ನೀರು ಕಪ್ಪಗಿರುವುದಿಲ್ಲ, ಬರೀ ಕಂದು. ಕಪ್ಪಾಗುವುದು ಅದು ಒಗರಿನ ಜೊತೆ ಸೇರಿದಾಗ. ಬಟ್ಟೆಯನ್ನು ಮೊದಲೇ ಅಳಲೆಕಾಯಿಯ ರಸದಲ್ಲಿ ಅದ್ದಿರುತ್ತಾರೆ. ಆ ಬಟ್ಟೆಗೆ ಈ ನೀರು ತಾಗಿತೋ, ಕಪ್ಪು ಹುಟ್ಟಿತು. ಹಳೆಯ ಕಾಲದ ಬರೆಯುವ ಮಸಿಯೂ ಇದೇ ಕೂಡುವಿಕೆಯಿಂದ ಬಂದದ್ದು.

ಎಲುಬಿಗೂ ಇದೇ ದಾರಿ. ಅಳಲೆಕಾಯಿ ಕುಟ್ಟಿ ಕಷಾಯ ಮಾಡಿ, ತಣಿದ ಮೇಲೆ ಪಟ್ಟಿಗಳನ್ನು ಒಂದು ದಿನ ಅದರಲ್ಲಿಡಿ. ಅಳಲೆ ಸಿಗದಿದ್ದರೆ ತಂಗಡಿ ಗಿಡದ ತೊಗಟೆ. ಬತುಕಮ್ಮ ಹಬ್ಬದಲ್ಲಿ ನೀವು ಜೋಡಿಸುವ ಹಳದಿ ಹೂವಿನ ಅದೇ ತಂಗಡಿ. ತೊಗಲು ಹದ ಮಾಡುವವರು ಹಿಂದೆ ಈ ತೊಗಟೆಯನ್ನು ಗಾಡಿಗಟ್ಟಲೆ ತರಿಸುತ್ತಿದ್ದರು. ಅದರ ಒಗರು ತೊಗಲಿನ ಕೊಲಾಜೆನ್ನನ್ನು ಹಿಡಿದು ಗಟ್ಟಿ ಮಾಡುತ್ತದೆ. ಎಲುಬಿನಲ್ಲಿರುವುದೂ ಅದೇ ಎಂದು ಆಗಲೇ ಹೇಳಿದೆನಲ್ಲ. ಒಗರು ಕುಡಿದ ಪಟ್ಟಿಯನ್ನು ಒರೆಸಿ, ಕಬ್ಬಿಣದ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಸ್ವಲ್ಪ ಹೊತ್ತು ಎಂಬುದನ್ನು ಮರೆಯಬೇಡಿ, ಆ ನೀರೂ ಹುಳಿಯೇ. ಮೊದಲು ಬೂದು ಬಣ್ಣ, ಗಾಳಿಗೆ ಆರಿದಂತೆ ಗಾಢ. ಸಾಲದಿದ್ದರೆ ಮತ್ತೆ ಒಗರು, ಮತ್ತೆ ಕಬ್ಬಿಣ.

ಬೇರೆ ಬಣ್ಣಗಳನ್ನು ಬೇಗ ಹೇಳಿಬಿಡುತ್ತೇನೆ. ಚಹಾ ಕಷಾಯದಲ್ಲಿ ಬಿಟ್ಟರೆ ತೆಳು ಕಂದು, ಹಳೆಯ ಚಾಕುವಿನ ಹಿಡಿಯಂತೆ ಕಾಣಬೇಕಾದರೆ ಅದೇ ಚೆಂದ. ನಾರಾಯಣಖೇಡ ಸುತ್ತಿನ ತಾಂಡಾಗಳಲ್ಲಿ ಹೋಳಿಗೆ ನೆನೆಸುವ ಮುತ್ತಲ ಹೂವಿನ ನೀರಿಗೆ ಪಟಕ ಸೇರಿಸಿದರೆ ಕಿತ್ತಳೆ ಮಿಶ್ರಿತ ಹಳದಿ. ಕುಸುಬೆ ಹೂವಿನ ಎಸಳಿನಲ್ಲೂ ಹಳದಿ ಇದೆ, ಕೆಂಪೂ ಇದೆ. ಹೂವಿನ ಈ ಬಣ್ಣಗಳು ಬಿಸಿಲಿಗೆ ಮಾಸುತ್ತವೆ. ಹೊಲದಲ್ಲಿ ದಿನವೂ ಹಿಡಿಯುವ ಚಾಕುವಿಗೆ ಅವನ್ನು ನಾನು ಹೇಳಲಾರೆ.

ಬಣ್ಣ ಹಿಡಿಯಿತು. ಆದರೆ ಎಷ್ಟು ಆಳ? ಉಗುರಿನ ದಪ್ಪಕ್ಕಿಂತ ಹೆಚ್ಚು ಎಂದುಕೊಳ್ಳಬೇಡಿ. ಆಮೇಲೆ ಮರಳು ಕಾಗದ ಹಾಕಿ ಉಜ್ಜಿದರೆ ಒಳಗಿನ ಬಿಳುಪು ಹೊರಗೆ ಬರುತ್ತದೆ. ಇದು ದೋಷ ಅನ್ನಿಸಬಹುದು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲೂ ಅಮೆರಿಕದಲ್ಲೂ ಚಾಕು ಮಾಡುವವರು ಇದನ್ನೇ ಅಲಂಕಾರ ಮಾಡಿಕೊಂಡರು. ಜಿಂಕೆ ಕೊಂಬು ತುಟ್ಟಿ, ಎಲುಬು ಅಗ್ಗ. ಕೊಂಬಿನ ಮೈ ಉಬ್ಬು ತಗ್ಗಾಗಿ ಒರಟಾಗಿರುತ್ತದೆ. ಎಲುಬಿನ ಮೇಲೆ ಉಳಿಯಿಂದ ಅಂಥದೇ ಕಚ್ಚು ಕೆತ್ತಿ ಬಣ್ಣಕ್ಕೆ ಹಾಕಿದರು. ಮೇಲ್ಮೈಯನ್ನು ಹಗುರವಾಗಿ ಉಜ್ಜಿದರು. ತಗ್ಗಿನಲ್ಲಿ ಗಾಢ ಬಣ್ಣ ಉಳಿಯಿತು, ಉಬ್ಬಿನಲ್ಲಿ ತಿಳಿಯಾಯಿತು. ನೋಡಲು ಕೊಂಬಿನಂತೆಯೇ ಕಂಡಿತು. ಕೈಗೆ ಹಿಡಿತವೂ ಸಿಕ್ಕಿತು, ಬೆವರಿದರೂ ಜಾರದು. ಅಮೆರಿಕದ ಕನೆಕ್ಟಿಕಟ್‌ನ ರೋಜರ್ಸ್ ಕಾರ್ಖಾನೆ ಇಂಥ ಎಲುಬಿನ ಪಟ್ಟಿಗಳನ್ನೇ ಮಾಡಿ ಚಾಕು ಕಂಪನಿಗಳಿಗೆ ಮಾರುತ್ತಿತ್ತು. 1956ರಲ್ಲಿ ಬೆಂಕಿ ಬಿದ್ದು ಆ ಪಟ್ಟಿಗಳ ಕಥೆ ಮುಗಿಯಿತು. ಆ ಕೆಂಗಂದು ಹಿಡಿಗಳಿಗಾಗಿ ಸಂಗ್ರಹಕಾರರು ಈಗಲೂ ಹುಡುಕುತ್ತಾರೆ.

ಜಿಡ್ಡು ತೆಗೆದೆವು, ಬಣ್ಣ ಕಟ್ಟಿದೆವು, ಆಳ ನೋಡಿದೆವು. ಇನ್ನು ಹೊಳಪು. ಇದಕ್ಕೆ ಬೀದರಿಗೆ ಹೋಗೋಣ. ಜಹೀರಾಬಾದಿನಿಂದ ಸುಮಾರು 30 ಕಿಲೋಮೀಟರು.

ಬಿದ್ರಿ ಪಾತ್ರೆಯ ಲೋಹದಲ್ಲಿ ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ. ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರುತ್ತಾರೆ. ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಕೆತ್ತುವ ಗೆರೆ ಬೆಳ್ಳಗೆ ಕಾಣುತ್ತದೆ. ಗೆರೆಯಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿ ಎಲ್ಲವನ್ನೂ ಬೋಳು ಮಾಡುತ್ತಾರೆ. ಆಗ ಬೆಳ್ಳಿಯೂ ಸತುವೂ ಒಂದೇ ಬಣ್ಣ, ಅಷ್ಟು ದಿನದ ಕೆಲಸ ಕಣ್ಣಿಗೇ ಕಾಣದು. ಆಮೇಲೆ ಪಾತ್ರೆಯನ್ನು ತುಸು ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಕಲಸಿದ ಪಾಕದಿಂದ ತಿಕ್ಕುತ್ತಾರೆ. ಸತು ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. 2023ರಲ್ಲಿ ಪದ್ಮಶ್ರೀ ಪಡೆದ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರು ಬಾಳೆಲ್ಲ ಮಾಡಿಕೊಂಡು ಬಂದ ಕೆಲಸ ಇದು.

ನಾನು ಇದನ್ನು ಹೇಳಿದ್ದು ಕಟ್ಟಕಡೆಯ ಹಂತಕ್ಕಾಗಿ. ಕಪ್ಪಾದ ಮೇಲೆ ಬಿದ್ರಿಗೆ ಎಣ್ಣೆ ಸವರುತ್ತಾರೆ. ಕಪ್ಪು ಆಗ ಗಾಢವಾಗಿ ಹೊಳೆಯುತ್ತದೆ. ಎಲುಬಿನ ಹಿಡಿಗೂ ಎಣ್ಣೆ ಕೊನೆಗೇ ಬರಬೇಕು. ಅಷ್ಟು ಕಷ್ಟಪಟ್ಟು ಜಿಡ್ಡು ತೆಗೆದು, ಈಗ ಮತ್ತೆ ಎಣ್ಣೆ ಹಾಕುವುದೇ ಎಂದು ಕೇಳುತ್ತೀರಿ. ಹೌದು. ಆಗ ಅದು ಬಣ್ಣವನ್ನು ಹೊರಗೆ ತಡೆದಿತ್ತು. ಈಗ ಬಣ್ಣ ಒಳಗಿದೆ, ಎಣ್ಣೆ ತಡೆಯುವುದು ನೀರನ್ನು ಮತ್ತು ಬೆವರನ್ನು.

ಎಣ್ಣೆ ಯಾವುದು? ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಎಲುಬಿನ ಮೇಲೆ ಗಟ್ಟಿಯಾಗಿ ಆರುವುದಿಲ್ಲ. ಅಗಸಿ ಎಣ್ಣೆ, ಕುಸುಬೆ ಎಣ್ಣೆ ಗಾಳಿಗೆ ಆರಿ ತೆಳು ಪೊರೆಯಾಗುತ್ತವೆ. ಎರಡೂ ನಮ್ಮ ಎರೆ ಹೊಲದ ಬೆಳೆಯೇ. ಎರಡು ಹನಿ ಸಾಕು. ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ, ನೆರಳಿನಲ್ಲಿ ಒಂದು ವಾರ ಇಡಿ. ಮೇಲೆ ತುಸು ಜೇನುಮೇಣ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಆರುವಾಗ ಶಾಖ ಹುಟ್ಟಿ, ಕಡ್ಡಿ ಗೀರದೆಯೇ ಬಟ್ಟೆ ಹೊತ್ತಿಕೊಂಡದ್ದುಂಟು. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಹಳೆಯ ಹಿಡಿ ಸರಿ ಮಾಡುವವರಿಗೆ ಎರಡು ಮಾತು. ಅದನ್ನು ಬಿಚ್ಚದೆ ಬಿಸಿ ನೀರಿಗೆ ಹಾಕಬೇಡಿ. ಎಲುಬು ಉಬ್ಬುತ್ತದೆ, ಮೊಳೆ ಉಬ್ಬುವುದಿಲ್ಲ, ನಡುವೆ ಸೀಳು ಬೀಳುತ್ತದೆ. ಒಳಗಿನ ಸ್ಪ್ರಿಂಗಿಗೂ ತುಕ್ಕು. ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆ ಹಚ್ಚಿ. ಕೂದಲೆಳೆಯಂಥ ಬಿರುಕಿದ್ದರೆ ಎಲುಬಿನ ಪುಡಿ ತುಂಬಿ ಫೆವಿಕ್ವಿಕ್ ಒಂದು ಹನಿ ಬಿಡಿ, ಆಮೇಲೆ ಉಜ್ಜಿ. ಅಂಟು ಕುಳಿತ ಜಾಗಕ್ಕೆ ಬಣ್ಣ ಹಿಡಿಯದು. ಹಾಗಾಗಿ ಪುಡಿಗೇ ಮೊದಲು ಬಣ್ಣ ಹಾಕಿ ಒಣಗಿಸಿಟ್ಟುಕೊಂಡಿರಿ. ಮೈಯೆಲ್ಲ ಸವೆದು ಹಳದಿಗಟ್ಟಿ, ಬೆರಳು ಕೂರುವ ಕಡೆ ನುಣುಪಾದ ಹಿಡಿ ಸಿಕ್ಕರೆ ಅದಕ್ಕೆ ಬಣ್ಣ ಹಾಕುವುದೇ ಬೇಡ ಎನ್ನುತ್ತೇನೆ. ಹಾಗೆ ಹಳದಿಯಾಗಲು ಹತ್ತಾರು ವರ್ಷ ಬೇಕು, ನಮ್ಮ ಗಡಿಗೆಯಲ್ಲಿ ಅದು ಬರುವುದಿಲ್ಲ.

ಕೊನೆಗೆ ಮೊಳೆ. ಪಟ್ಟಿ ಪೂರ್ತಿ ಒಣಗುವ ವರೆಗೆ ಕೂರಿಸಬೇಡಿ. ಒದ್ದೆ ಎಲುಬು ಆರಿದಂತೆ ಕುಗ್ಗಿ ಮೊಳೆಯ ಸುತ್ತ ಬಿರಿಯುತ್ತದೆ. ತೂತು ಮೊಳೆಗಿಂತ ಕೂದಲಷ್ಟು ದೊಡ್ಡದಿರಲಿ. ಮೊಳೆಯ ತಲೆಯನ್ನು ಸಣ್ಣ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟುತ್ತ ಅಗಲ ಮಾಡಿ, ಒಂದೇ ಪೆಟ್ಟಿಗೆ ಹೊಡೆಯಬೇಡಿ. ಕೈ ಹೊಸದಾದರೆ ಈ ಕೊನೆಯ ಕೆಲಸವನ್ನು ಊರಿನ ಕಂಬಾರರಿಗೋ ಅಕ್ಕಸಾಲಿಗರಿಗೋ ಬಿಡುವುದು ಲೇಸು. ಬಣ್ಣ ಕಟ್ಟಿದ ಪಟ್ಟಿ ಸೀಳಿದರೆ ಮತ್ತೆ ಸೋಪಿನ ನೀರಿನಿಂದಲೇ ಶುರು ಮಾಡಬೇಕಾಗುತ್ತದೆ.